ಬಾಳಿನ ಎಂಟು ಘಟ್ಟ: ಕುಂದಗೋಳದ ಗುರುಮನೆ ಹೇಳುವ ಸಾಕ್ಷ್ಯ

'ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ' ಎಂಬ ಗಾದೆ ಕೇಳದ ಕನ್ನಡಿಗರಿಲ್ಲ. ಮಗುವಾಗಿದ್ದಾಗ ಬಿದ್ದ ಅಚ್ಚು ಮುದುಕನಾದರೂ ಅಳಿಸದು ಎಂಬುದು ಅದರ ಇಂಗಿತ. ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ವ್ಯಕ್ತಿತ್ವದ ಅಡಿಪಾಯ ಮೊದಲ ಐದಾರು ವರ್ಷಗಳಲ್ಲೇ ಬಿದ್ದುಹೋಗುತ್ತದೆ, ಮುಂದಿನದೆಲ್ಲ ಅದರ ಮೇಲೆ ಏಳುವ ಗೋಡೆ ಎಂಬುದು ಅವರ ನಿಲುವು. ಆದರೆ ಅವರ ಬಳಗದಲ್ಲೇ ಪಳಗಿದ ಎರಿಕ್ ಎರಿಕ್ಸನ್ ಈ ಗಾದೆಯನ್ನು ಅರ್ಧ ಮಾತ್ರ ಒಪ್ಪಿದರು. ಮನುಷ್ಯ ಮೂರು ವರ್ಷಕ್ಕೆ ಮುಗಿಯುವುದಿಲ್ಲ, ಮೂವತ್ತಕ್ಕೂ ಮುಗಿಯುವುದಿಲ್ಲ. ತೊಟ್ಟಿಲಿನಿಂದ ಕೊನೆಯುಸಿರಿನವರೆಗೆ ಅವನು ಎಂಟು ಘಟ್ಟಗಳನ್ನು ದಾಟುತ್ತಾನೆ, ಪ್ರತಿ ಘಟ್ಟದಲ್ಲೂ ಹೊಸದೊಂದು ಪರೀಕ್ಷೆ ಕಾದಿರುತ್ತದೆ ಎಂದು ಅವರು 1950ರಲ್ಲಿ ಪ್ರಕಟವಾದ 'ಬಾಲ್ಯ ಮತ್ತು ಸಮಾಜ' ಎಂಬರ್ಥದ ಗ್ರಂಥದಲ್ಲಿ ವಾದಿಸಿದರು.

ಇಂದು ಈ ಸಿದ್ಧಾಂತ ಬಿ.ಇಡಿ. ಮತ್ತು ನರ್ಸಿಂಗ್ ತರಗತಿಗಳಲ್ಲಿ ಎಂಟು ಸಾಲಿನ ಒಂದು ಕೋಷ್ಟಕವಾಗಿ ಉಳಿದಿದೆ. ವಿದ್ಯಾರ್ಥಿಗಳು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಬರೆದು ಮರೆಯುತ್ತಾರೆ. ಆದರೆ ಆ ಕೋಷ್ಟಕದಲ್ಲಿ ಮುಖ್ಯವಾದ ಮಾತೊಂದು ಬಿಟ್ಟುಹೋಗಿದೆ. ಈ ಘಟ್ಟಗಳನ್ನು ಯಾರೂ ಒಂಟಿಯಾಗಿ ದಾಟುವುದಿಲ್ಲ. ಒಬ್ಬರ ವಯಸ್ಸಿನ ತೊಡಕಿಗೆ ಇನ್ನೊಂದು ವಯಸ್ಸಿನವರು ಕೈ ಕೊಡಬೇಕು. ಹಾಗೆ ಕೈ ಕೊಟ್ಟಾಗ ಅವರ ತೊಡಕೂ ಸಡಿಲವಾಗುತ್ತದೆ. ಗಡಿಯಾರದೊಳಗಿನ ಹಲ್ಲುಚಕ್ರಗಳು ಒಂದನ್ನೊಂದು ತಿರುಗಿಸುವಂತೆ ತಲೆಮಾರುಗಳು ಒಂದನ್ನೊಂದು ತಿರುಗಿಸುತ್ತವೆ ಎಂಬುದು ಎರಿಕ್ಸನ್ನರ ಚಿಂತನೆಯ ತಿರುಳು.

ಇದನ್ನು ಅರಿಯಲು ವಿಯೆನ್ನಾದವರೆಗೆ ಹೋಗಬೇಕಿಲ್ಲ. ಹುಬ್ಬಳ್ಳಿಯಿಂದ ಹಾವೇರಿಯತ್ತ ಸಾಗುವ ರೈಲು ಮಾರ್ಗದಲ್ಲಿ ಕುಂದಗೋಳ, ಸಂಶಿ, ಗುಡಗೇರಿ ಒಂದಾದ ಮೇಲೊಂದು ಬರುತ್ತವೆ. ಸುತ್ತಲೂ ಎರೆ ಭೂಮಿ. ಹತ್ತಿ, ಮೆಣಸಿನಕಾಯಿ, ಜೋಳ, ಕಡಲೆಯ ಹೊಲಗಳು. 1930ರ ದಶಕದ ಕೊನೆಯ ವರ್ಷಗಳಲ್ಲಿ ಈ ಕುಂದಗೋಳದ ಒಂದು ಮನೆಯಲ್ಲಿ ಮೂರು ಬೇರೆ ಬೇರೆ ವಯಸ್ಸಿನ ಮೂವರು ಸೇರಿದ್ದರು. ಒಬ್ಬ ಮನೆ ಬಿಟ್ಟು ಓಡಿಹೋಗಿದ್ದ ಹುಡುಗ, ಒಬ್ಬಾಕೆ ಮಕ್ಕಳೊಂದಿಗರಾದ ಯುವತಿ, ಇನ್ನೊಬ್ಬರು ರಂಗಭೂಮಿಯ ವೈಭವ ಕಂಡು ಊರಿಗೆ ಮರಳಿದ್ದ ಐವತ್ತು ದಾಟಿದ ಗುರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲ ಮತ್ತು ಸವಾಯಿ ಗಂಧರ್ವ. ಎರಿಕ್ಸನ್ ಈ ಮೂವರ ಬಗ್ಗೆ ಬರೆದವರಲ್ಲ. ಆದರೂ ಅವರ ಸಿದ್ಧಾಂತಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ.

ತಂದೆಯ ಹೆಸರು ಗೊತ್ತಿಲ್ಲದ ಪಂಡಿತ

ಮೊದಲು ಎರಿಕ್ಸನ್ ಯಾರು ಎಂಬುದನ್ನು ನೋಡೋಣ. 1902ರ ಜೂನ್ 15ರಂದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಅವರಿಗೆ ಹೆತ್ತ ತಂದೆ ಯಾರೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ತಾಯಿ ಡೆನ್ಮಾರ್ಕಿನ ಯೆಹೂದಿ ಮನೆತನದವರು. ಮುಂದೆ ಆಕೆ ಮದುವೆಯಾದ ಮಕ್ಕಳ ವೈದ್ಯ ಹೊಂಬರ್ಗರ್ ಅವರ ಹೆಸರೇ ಹುಡುಗನಿಗೆ ಬಂತು. ಎತ್ತರದ ನಿಲುವು, ಹೊಂಬಣ್ಣದ ಕೂದಲು. ಯೆಹೂದಿ ಮಂದಿರದಲ್ಲಿ ಅವನು ಹೊರಗಿನವನಂತೆ ಕಂಡ. ಶಾಲೆಯಲ್ಲಿ ಯೆಹೂದಿ ಎನಿಸಿಕೊಂಡ. 'ನಾನು ಯಾರು' ಎಂಬ ಪ್ರಶ್ನೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಶಾಲೆ ಮುಗಿದ ಮೇಲೆ ಕಾಲೇಜಿನ ಪದವಿ ಪಡೆಯದೆ ಚಿತ್ರ ಬರೆಯುತ್ತ ಊರೂರು ಅಲೆದರು. 1927ರಲ್ಲಿ ವಿಯೆನ್ನಾದ ಒಂದು ಪುಟ್ಟ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಅಲ್ಲಿ ಫ್ರಾಯ್ಡರ ಮಗಳು ಅನ್ನಾ ಫ್ರಾಯ್ಡ್ ಅವರ ಕೈಕೆಳಗೆ ಮನೋವಿಶ್ಲೇಷಣೆ ಕಲಿತರು. 1933ರಲ್ಲಿ ಹೆಂಡತಿ ಮಕ್ಕಳೊಂದಿಗೆ ಅಮೆರಿಕ ಸೇರಿದರು. 1939ರಲ್ಲಿ ಅಲ್ಲಿಯ ಪೌರತ್ವ ಸಿಕ್ಕಾಗ ತಮಗೆ ತಾವೇ 'ಎರಿಕ್ಸನ್', ಅಂದರೆ ಎರಿಕ್‌ನ ಮಗ ಎಂಬ ಹೆಸರಿಟ್ಟುಕೊಂಡರು. ತಂದೆಯ ಹೆಸರಿಲ್ಲದವರು ತಮ್ಮ ಹೆಸರಿಗೆ ತಾವೇ ತಂದೆಯಾದರು ಎನ್ನಬಹುದು. ಇಂದು ಎಲ್ಲರೂ ಸಲೀಸಾಗಿ ಬಳಸುವ 'ಐಡೆಂಟಿಟಿ ಕ್ರೈಸಿಸ್' ಎಂಬ ಮಾತು, ಅಂದರೆ ಅಸ್ಮಿತೆಯ ಬಿಕ್ಕಟ್ಟು, ಚಲಾವಣೆಗೆ ಬಂದದ್ದು ಇವರಿಂದಲೇ.

ಅಮೆರಿಕದಲ್ಲಿ ಅವರು ಚಿಕಿತ್ಸಾಲಯದಲ್ಲೇ ಕೂಡಲಿಲ್ಲ. ಅಲ್ಲಿಯ ಮೂಲನಿವಾಸಿಗಳಾದ ಸೂ ಮತ್ತು ಯೂರೋಕ್ ಜನರ ಹಟ್ಟಿಗಳಿಗೆ ಹೋಗಿ ಅವರು ಮಕ್ಕಳನ್ನು ಸಾಕುವ ಬಗೆ ನೋಡಿದರು. ಮಗುವಿನ ಮನಸ್ಸು ಬೆಳೆಯುವುದು ಅದರ ದೇಹದೊಳಗಿನ ಒತ್ತಡಗಳಿಂದ ಮಾತ್ರವಲ್ಲ, ಅದನ್ನು ಎತ್ತಿಕೊಳ್ಳುವ, ಗದರುವ, ಮೆಚ್ಚುವ ಜನರಿಂದ ಎಂಬುದು ಅಲ್ಲಿ ಅವರಿಗೆ ಖಚಿತವಾಯಿತು. ಅದಕ್ಕೇ ಇದು 'ಮನೋಸಾಮಾಜಿಕ' ಸಿದ್ಧಾಂತ.

ತೊಟ್ಟಿಲಿನಿಂದ ಶಾಲೆಯವರೆಗೆ

ಎಂಟರಲ್ಲಿ ಮೊದಲ ನಾಲ್ಕು ಘಟ್ಟಗಳು ಬಾಲ್ಯಕ್ಕೆ ಸೇರಿದವು. ಮೊದಲ ವರ್ಷದ ಪ್ರಶ್ನೆ ನಂಬಿಕೆಯದು. ಹಸಿದು ಅತ್ತರೆ ಯಾರಾದರೂ ಬರುತ್ತಾರೆಯೆ? ಬಂದರೆ ಲೋಕ ನಂಬಲರ್ಹ ಎಂಬ ಭಾವ ಮಗುವಿನಲ್ಲಿ ಬೇರೂರುತ್ತದೆ, ಬಾರದಿದ್ದರೆ ಅಪನಂಬಿಕೆ. ಎರಡನೆಯದು ಒಂದರಿಂದ ಮೂರು ವರ್ಷದ ಕಾಲ. ಮಗು ನಡೆಯುತ್ತದೆ, 'ಒಲ್ಲೆ' ಎನ್ನಲು ಕಲಿಯುತ್ತದೆ, ತನ್ನ ಕೈಯಿಂದಲೇ ಉಣ್ಣುತ್ತೇನೆಂದು ಹಟ ಹಿಡಿಯುತ್ತದೆ. ಅದಕ್ಕೆ ಆಸ್ಪದ ಕೊಟ್ಟರೆ ಸ್ವಂತ ಬಲದ ಅರಿವು. ಎಲ್ಲದಕ್ಕೂ ನಗಾಡಿ ನಾಚಿಸಿದರೆ ನಾಚಿಕೆ, ಅಳುಕು. ಮೂರರಿಂದ ಆರರವರೆಗೆ ಮುನ್ನುಗ್ಗುವ ಹುಮ್ಮಸ್ಸು ಒಂದು ಕಡೆ, 'ತಪ್ಪು ಮಾಡಿದೆನೇನೋ' ಎಂಬ ಅಪರಾಧ ಭಾವ ಇನ್ನೊಂದು ಕಡೆ. ಆರರಿಂದ ಹನ್ನೆರಡರವರೆಗೆ ಕಸುಬುಗಾರಿಕೆಯ ಕಾಲ. ಓದು, ಲೆಕ್ಕ, ಆಟ, ಕೈಕೆಲಸ ಇವುಗಳಲ್ಲಿ ಒಂದಾದರೂ ತನಗೆ ಬರುತ್ತದೆ ಎನ್ನಿಸಬೇಕು. ಯಾವುದೂ ಬಾರದು ಎನ್ನಿಸಿದರೆ ಕೀಳರಿಮೆ ಅಂಟಿಕೊಳ್ಳುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಪ್ರತಿ ಘಟ್ಟದಲ್ಲೂ ಒಳ್ಳೆಯದೇ ಪೂರಾ ಗೆಲ್ಲಬೇಕು ಎಂದು ಎರಿಕ್ಸನ್ ಹೇಳಲಿಲ್ಲ. ಎಲ್ಲರನ್ನೂ ನಂಬುವ ಮಗು ಸಂತೆಯಲ್ಲಿ ಕಳೆದುಹೋಗುತ್ತದೆ. ಒಂದಿಷ್ಟು ಅಪನಂಬಿಕೆಯೂ ಬೇಕು. ಎರಡೂ ಸೇರಿ ತಕ್ಕಡಿ ಒಳ್ಳೆಯದರ ಕಡೆಗೆ ಕೊಂಚ ವಾಲಿದರೆ ಸಾಕು. ಹಾಗೆ ವಾಲಿದಾಗ ಪ್ರತಿ ಘಟ್ಟವೂ ಒಂದೊಂದು ಗುಣ ಬಿಟ್ಟುಹೋಗುತ್ತದೆ. ಮೊದಲ ನಾಲ್ಕರ ಗುಣಗಳು ಭರವಸೆ, ಇಚ್ಛಾಶಕ್ತಿ, ಉದ್ದೇಶ ಮತ್ತು ಸಾಮರ್ಥ್ಯ.

ನಮ್ಮ ಹಳ್ಳಿಗಳು ಈ ಘಟ್ಟಗಳಿಗೆ ಹೆಸರಿಡದಿದ್ದರೂ ಅವುಗಳಿಗೆ ವ್ಯವಸ್ಥೆ ಮಾಡಿದ್ದವು. ಗುಡಗೇರಿಯ ಸೀಮೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಸೇರುತ್ತಾರೆ. ಹೆಸರು ಒಬ್ಬರ ಬಾಯಿಂದ ಬಂದರೂ ಕೂಸು ಎಲ್ಲರ ಕೈಗೆ ಹೋಗುತ್ತದೆ. ಮುಂಗಾರಿನ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಕೆರೆಯ ಮಣ್ಣು ತಂದು ನಾದಿ, ಮಕ್ಕಳು ಜೋಡಿ ಎತ್ತು ಮಾಡುತ್ತಾರೆ. ಕೋಡು ಸೊಟ್ಟಗಾದರೂ, ಕಾಲು ಗಿಡ್ಡವಾದರೂ ಆ ಎತ್ತು ಜಗಲಿಯ ಮೇಲೆ ಪೂಜೆಗೆ ಕೂಡುತ್ತದೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವ ಮಾಡಿ ಅಲಂಕರಿಸುತ್ತಾರೆ. ತಾನು ಕೈಯಾರೆ ಮಾಡಿದ ವಸ್ತುವಿಗೆ ಹಿರಿಯರು ಕೈ ಮುಗಿಯುವುದನ್ನು ಕಂಡ ಮಗುವಿಗೆ ತನ್ನ ಸಾಮರ್ಥ್ಯದ ಬಗ್ಗೆ ಬೇರೆ ಪ್ರಮಾಣಪತ್ರ ಬೇಕಿಲ್ಲ. ಅಂಕಪಟ್ಟಿಯೊಂದೇ ಸಾಮರ್ಥ್ಯದ ಅಳತೆಗೋಲಾದಾಗ ಕಳೆದುಹೋಗುವುದು ಇದೇ.

ಓಡಿಹೋದ ಹುಡುಗ

ಐದನೆಯದು ಹದಿಹರೆಯ. ಎರಿಕ್ಸನ್ ಅತಿ ಹೆಚ್ಚು ಬರೆದದ್ದು ಇದರ ಬಗ್ಗೆ. ದೇಹ ಬದಲಾಗುತ್ತದೆ, ಧ್ವನಿ ಒಡೆಯುತ್ತದೆ. ಇಲ್ಲಿಯವರೆಗೆ 'ಇಂಥವರ ಮಗ' ಆಗಿದ್ದವನು 'ನಾನು ಇಂಥವನು' ಎಂದು ಹೇಳಬೇಕಾದ ಕಾಲ ಇದು. ಉತ್ತರ ಸಿಕ್ಕರೆ ಅಸ್ಮಿತೆ, ಸಿಗದಿದ್ದರೆ ಗೊಂದಲ.

ರೋಣದಲ್ಲಿ 1922ರ ಫೆಬ್ರವರಿ 4ರಂದು ಹುಟ್ಟಿ ಗದುಗಿನಲ್ಲಿ ಬೆಳೆದ ಭೀಮಸೇನರ ತಂದೆ ಗುರುರಾಜ ಜೋಶಿ ಶಾಲಾ ಶಿಕ್ಷಕರು. ಮಗನೂ ಓದಿ ಮುಂದೆ ಬರಲಿ ಎಂಬುದು ಸಹಜವಾದ ಆಸೆ. ಆದರೆ ಹುಡುಗನ ಕಿವಿಗೆ ಅಬ್ದುಲ್ ಕರೀಂ ಖಾನರ ಠುಮ್ರಿಯ ಗ್ರಾಮಫೋನ್ ತಟ್ಟೆ ಬಿತ್ತು. ಹಾಗೆ ಹಾಡಬೇಕು ಎಂಬ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟ ಹುಡುಗ ಟಿಕೆಟಿಲ್ಲದೆ ರೈಲು ಹತ್ತಿ, ಹಾಡಿ ಹೊಟ್ಟೆ ಹೊರೆದು, ಗ್ವಾಲಿಯರ್, ಕೋಲ್ಕತಾ, ದೆಹಲಿ ಎಂದು ಅಲೆದ. ಕೊನೆಗೆ ತಂದೆ ಮಗನನ್ನು ಪತ್ತೆ ಹಚ್ಚಿದ್ದು ದೂರದ ಪಂಜಾಬಿನ ಜಲಂಧರದಲ್ಲಿ.

ಇಂಥ ಅಲೆದಾಟವನ್ನು ನಾವು 'ಹುಡುಗ ಕೆಟ್ಟ' ಎಂಬ ಎರಡು ಮಾತಿನಲ್ಲಿ ಮುಗಿಸುತ್ತೇವೆ. ಎರಿಕ್ಸನ್ ಅದಕ್ಕೆ ಬೇರೆ ಹೆಸರು ಕೊಟ್ಟರು: 'ಮೊರಟೋರಿಯಂ'. ಇದು ಬ್ಯಾಂಕಿನವರ ಮಾತು. ನಮ್ಮ ರೈತರಿಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಸಾಲದ ಕಂತು ಕಟ್ಟಲು ಬ್ಯಾಂಕು ಕಾಲಾವಕಾಶ ಕೊಡುತ್ತದೆ. ಸಾಲ ಮನ್ನಾ ಆಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಹಾಗೆಯೇ 'ನೀನು ಏನಾಗುತ್ತೀ' ಎಂಬ ಸಮಾಜದ ಸಾಲಕ್ಕೆ ಹರೆಯದವರಿಗೆ ಒಂದಷ್ಟು ಗಡುವು ಬೇಕು. ಆ ಗಡುವಿನಲ್ಲಿ ಅವರು ತಪ್ಪು ಮಾಡಲಿ, ದಾರಿ ಬದಲಿಸಲಿ, ಹುಡುಕಲಿ. ಸ್ವತಃ ಎರಿಕ್ಸನ್ ಚಿತ್ರ ಬರೆಯುತ್ತ ಅಲೆದ ವರ್ಷಗಳೂ ಅಂಥದೇ ಗಡುವಾಗಿದ್ದವು.

ಮುಂದೆ ಜೇಮ್ಸ್ ಮಾರ್ಸಿಯಾ ಎಂಬ ಮನೋವಿಜ್ಞಾನಿ 1966ರಲ್ಲಿ ಇದನ್ನು ಇನ್ನಷ್ಟು ಬಿಡಿಸಿದರು. ಹುಡುಕಿ ದಾರಿ ಕಂಡುಕೊಂಡವರು, ಇನ್ನೂ ಹುಡುಕುತ್ತಿರುವವರು, ಹುಡುಕದೆಯೇ ಹಿರಿಯರು ಕೊಟ್ಟದ್ದನ್ನು ಒಪ್ಪಿಕೊಂಡವರು, ಹುಡುಕಾಟವೂ ಇಲ್ಲದೆ ಒಪ್ಪಿಗೆಯೂ ಇಲ್ಲದೆ ತೇಲುತ್ತಿರುವವರು ಎಂದು ನಾಲ್ಕು ಬಗೆ. ಒಕ್ಕಲಿಗನ ಮಗ ಒಕ್ಕಲುತನಕ್ಕೆ, ಬಡಿಗೇರನ ಮಗ ಬಡಿಗತನಕ್ಕೆ ಎಂಬ ಕಾಲದಲ್ಲಿ ನಮ್ಮ ಹಳ್ಳಿಗಳ ಬಹುಪಾಲು ಹುಡುಗರು ಮೂರನೆಯ ಬಗೆಯವರು. ಅದರಲ್ಲಿ ನೆಮ್ಮದಿಯಿತ್ತು, ಆದರೆ ಆಯ್ಕೆ ಇರಲಿಲ್ಲ. ಇಂದು ಆಯ್ಕೆಗಳು ಸಾಲುಗಟ್ಟಿವೆ. ಹುಡುಕಲು ಗಡುವು ಕೊಡುವವರು ಕಡಿಮೆ.

ಭೀಮಸೇನರ ತಂದೆ ಗಡುವು ಕೊಟ್ಟರು. ಮಗನನ್ನು ಕರೆತಂದು ಮತ್ತೆ ಶಾಲೆಯ ಬೆಂಚಿಗೆ ಕಟ್ಟಿಹಾಕದೆ ಸಂಗೀತಕ್ಕೆ ಒಪ್ಪಿದರು. 1936ರಲ್ಲಿ ಹುಡುಗ ಕುಂದಗೋಳದ ಗುರುಮನೆ ಸೇರಿದ. ಹುಡುಕಾಟ ಮುಗಿದ ಮೇಲೆ ಈ ಘಟ್ಟ ಬಿಟ್ಟುಹೋಗುವ ಗುಣ ನಿಷ್ಠೆ ಎನ್ನುತ್ತಾರೆ ಎರಿಕ್ಸನ್. ಊರೂರು ಅಲೆದ ಹುಡುಗ ಗುರುವಿನ ಮನೆಯಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ, ಪಾಠಕ್ಕಾಗಿ ಕಾದದ್ದು ಅದೇ ನಿಷ್ಠೆಯಿಂದ.

ರೈಲಿನಲ್ಲಿ ಬರುತ್ತಿದ್ದ ಶಿಷ್ಯೆ

ಆರನೆಯ ಘಟ್ಟ ಯೌವನ. ಇಲ್ಲಿಯ ಪ್ರಶ್ನೆ ಆಪ್ತತೆಯದು. ತನ್ನನ್ನು ಕಳೆದುಕೊಳ್ಳದೆ ಇನ್ನೊಬ್ಬರಿಗೆ ಹತ್ತಿರವಾಗಬಲ್ಲೆನೆ? ಆದರೆ ಪ್ರೀತಿ ಎಂಬ ಗುಣ, ಆಗದಿದ್ದರೆ ಒಂಟಿತನ. ಮೊದಲು ಅಸ್ಮಿತೆ, ಆಮೇಲೆ ಆಪ್ತತೆ ಎಂಬುದು ಎರಿಕ್ಸನ್ ಹಾಕಿಕೊಟ್ಟ ಕ್ರಮ.

ಈ ಕ್ರಮ ಹೆಣ್ಣುಮಕ್ಕಳ ಬದುಕಿಗೆ ಹೊಂದುವುದಿಲ್ಲ ಎಂಬ ಟೀಕೆ 1970 ಮತ್ತು 80ರ ದಶಕಗಳಲ್ಲಿ ಬಲವಾಗಿ ಕೇಳಿಬಂತು. ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಯಾರೊಲ್ ಗಿಲಿಗನ್ ಹೀಗೆ ವಾದಿಸಿದವರಲ್ಲಿ ಪ್ರಮುಖರು. ಹೆಣ್ಣು ತನ್ನನ್ನು ತಾನು ಕಂಡುಕೊಳ್ಳುವುದು ಸಂಬಂಧಗಳ ನಡುವೆಯೇ. ಎರಡನ್ನೂ ಮುಂದೆ ಹಿಂದೆ ಎಂದು ಬೇರ್ಪಡಿಸಲಾಗದು ಎಂಬುದು ಈ ಟೀಕೆಯ ಸಾರ. ಹರೆಯಕ್ಕೆ ಬರುತ್ತಲೇ ಮದುವೆ ಮಾಡಿಕೊಡುತ್ತಿದ್ದ ನಮ್ಮ ಸಮಾಜಕ್ಕಂತೂ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ಗಂಡನ ಮನೆಗೆ ಹೋದ ಮೇಲೆಯೇ ಅವಳು 'ನಾನು ಯಾರು' ಎಂದು ಕೇಳಿಕೊಳ್ಳಬೇಕಿತ್ತು; ಎಷ್ಟೋ ಜನರಿಗೆ ಕೇಳಿಕೊಳ್ಳಲು ಪುರಸೊತ್ತೇ ಸಿಗಲಿಲ್ಲ.

ಗಂಗೂಬಾಯಿಯವರ ಬಾಳನ್ನೇ ನೋಡಿ. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಜನನ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದುಸ್ತಾನಿ ಸಂಗೀತದತ್ತ ಒಲಿದಾಗ, ತನ್ನ ಹಾಡಿನ ಛಾಯೆ ಅವಳ ಮೇಲೆ ಬೀಳಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. ಗಂಗೂಬಾಯಿ 16ರ ಹರೆಯದಲ್ಲಿ ಗುರುರಾವ್ ಕೌಲಗಿ ಅವರೊಂದಿಗೆ ಸಂಸಾರ ಹೂಡಿದರು, ಮೂರು ಮಕ್ಕಳಾದವು. 1932ರಲ್ಲಿ ತಾಯಿ ತೀರಿಕೊಂಡರು. ಸವಾಯಿ ಗಂಧರ್ವರ ಬಳಿ ಅವರ ಕ್ರಮಬದ್ಧ ಅಭ್ಯಾಸ ಶುರುವಾದದ್ದು 1930ರ ದಶಕದ ಕೊನೆಗೆ. ಅಷ್ಟರಲ್ಲಿ ಅವರು ಕಛೇರಿಗಳಲ್ಲಿ ಹಾಡುತ್ತಿದ್ದರು, ರೆಕಾರ್ಡುಗಳೂ ಬಂದಿದ್ದವು. ಆದರೂ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕುಂದಗೋಳಕ್ಕೆ ಬಂದು, ಪಾಠ ಹೇಳಿಸಿಕೊಂಡು ಮರಳುತ್ತಿದ್ದರು.

ಸಂಸಾರ, ಮಕ್ಕಳು, ಗಳಿಕೆ, ಕಲಿಕೆ ಎಲ್ಲವೂ ಒಂದೇ ಕಾಲಕ್ಕೆ. ಕೋಷ್ಟಕದ ಪ್ರಕಾರ ನಾಲ್ಕನೆಯ, ಐದನೆಯ, ಆರನೆಯ, ಏಳನೆಯ ಘಟ್ಟಗಳನ್ನು ಅವರು ಒಟ್ಟಿಗೇ ಹೊತ್ತು ರೈಲು ಹತ್ತುತ್ತಿದ್ದರು. ಹಾಡುವ ಹೆಣ್ಣನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ದಿನಗಳವು. ಜಾತಿಯ ಕಾರಣಕ್ಕೂ ಹೆಣ್ಣೆಂಬ ಕಾರಣಕ್ಕೂ ಕೇಳಬೇಕಾಗಿ ಬಂದ ಕೊಂಕು ಮಾತುಗಳ ಬಗ್ಗೆ ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮುಂದೆ ಅವರ ಹೆಸರಿನ ಜೊತೆಗೇ ನೆನಪಾಗುವಂತಾದ ಆ ಗಂಡುಗಂಭೀರ ಕಂಠವೂ ಹುಟ್ಟಿನಿಂದ ಬಂದದ್ದಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬದಲಾದದ್ದು. ಬದಲಾದ ದನಿಯನ್ನು ಕೊರತೆ ಎಂದು ತಿಳಿಯದೆ ತನ್ನದೆಂದು ಒಪ್ಪಿಕೊಂಡರಲ್ಲ, ಅಸ್ಮಿತೆ ಎಂಬುದಕ್ಕೆ ಅದಕ್ಕಿಂತ ಸರಳವಾದ ಉದಾಹರಣೆ ಬೇಡ.

ಗುರುವಿಗೂ ಶಿಷ್ಯ ಬೇಕು

ಏಳನೆಯ ಘಟ್ಟ ನಡುವಯಸ್ಸು, ಸುಮಾರು ನಲವತ್ತರಿಂದ ಅರವತ್ತೈದರವರೆಗೆ. ಎರಿಕ್ಸನ್ ಇಲ್ಲಿ ಬಳಸಿದ ಪದಕ್ಕೆ ಸರಿಯಾದ ಕನ್ನಡ ಮಾತು ಹುಡುಕುವುದು ಕಷ್ಟ. ಮುಂದಿನ ತಲೆಮಾರನ್ನು ಹುಟ್ಟಿಸಿ, ಬೆಳೆಸಿ, ಕೈಹಿಡಿದು ನಡೆಸುವ ಕಾಳಜಿ ಎಂದು ಬಿಡಿಸಿ ಹೇಳಬಹುದು. ಸ್ವಂತ ಮಕ್ಕಳೇ ಆಗಬೇಕೆಂದಿಲ್ಲ. ಶಿಷ್ಯರು, ಗಿಡಮರ, ಸಂಸ್ಥೆ, ವಿದ್ಯೆ ಯಾವುದೂ ಆಗಬಹುದು. ಈ ಕಾಳಜಿ ಇಲ್ಲದವರು ನಿಂತ ನೀರಾಗುತ್ತಾರೆ. ತಮ್ಮ ಆರೋಗ್ಯ, ತಮ್ಮ ಆಸ್ತಿ, ತಮ್ಮ ಹಳೆಯ ಪ್ರತಾಪ ಇಷ್ಟರಲ್ಲೇ ಸುತ್ತುತ್ತಾರೆ.

ರಾಮಭಾವು ಕುಂದಗೋಳಕರ ಅವರಿಗೆ 'ಸವಾಯಿ ಗಂಧರ್ವ' ಎಂಬುದು ಅಭಿಮಾನಿಗಳು ಕೊಟ್ಟ ಬಿರುದು. 1886ರಲ್ಲಿ ಹುಟ್ಟಿದ ಅವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠಿ ಸಂಗೀತ ನಾಟಕಗಳಲ್ಲಿ ಹಾಡಿ ದೊಡ್ಡ ಹೆಸರು ಮಾಡಿದರು. ಬೋಲುಪಟ ಬಂದ ಮೇಲೆ ನಾಟಕ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಭೀಮಸೇನರು ಬಾಗಿಲಿಗೆ ಬಂದಾಗ ಗುರುವಿಗೆ ಐವತ್ತು ವರ್ಷ. ಹುಡುಗನಿಗೆ ಗುರು ಬೇಕಿತ್ತು ಎಂಬುದು ಎಲ್ಲರಿಗೂ ಕಾಣುತ್ತದೆ. ಆ ವಯಸ್ಸಿನಲ್ಲಿ ಗುರುವಿಗೂ ಅಂಥ ಶಿಷ್ಯ ಬೇಕಿತ್ತು ಎಂಬುದನ್ನು ಕಾಣಿಸುವುದು ಎರಿಕ್ಸನ್ನರ ಕನ್ನಡಕ. ಮುಂದಿನ ವರ್ಷಗಳಲ್ಲಿ ಪಾರ್ಶ್ವವಾಯು ಬಡಿದು ಗುರುವಿನ ಕಂಠ ಹಾಡಲಾರದಾಯಿತು. 1952ರಲ್ಲಿ ಅವರು ತೀರಿಕೊಂಡರು. ಅಷ್ಟರೊಳಗೆ ಅವರ ಗಾಯನ ಶಿಷ್ಯರ ಗಂಟಲಿಗೆ ದಾಟಿತ್ತು.

ಮಹಾತ್ಮ ಗಾಂಧಿಯವರ ಬಗ್ಗೆ ಎರಿಕ್ಸನ್ ಬರೆದದ್ದೂ ಈ ಘಟ್ಟದ ಎಳೆ ಹಿಡಿದೇ. 1962ರಲ್ಲಿ ವಿಚಾರ ಸಂಕಿರಣವೊಂದಕ್ಕೆ ಅಹಮದಾಬಾದಿಗೆ ಬಂದಿದ್ದ ಅವರು 1918ರ ಗಿರಣಿ ಕಾರ್ಮಿಕರ ಮುಷ್ಕರವನ್ನು ಕಣ್ಣಾರೆ ಕಂಡವರನ್ನು ಮಾತಾಡಿಸಿದರು. ಮುಷ್ಕರದ ಕಾಲಕ್ಕೆ ಗಾಂಧೀಜಿಗೆ 48. ಸ್ವಂತ ಮಕ್ಕಳೊಂದಿಗೆ ಅವರ ಸಂಬಂಧ ಸುಲಭದ್ದಾಗಿರಲಿಲ್ಲ. ಆದರೆ ಒಂದು ದೇಶಕ್ಕೇ 'ಬಾಪು' ಆಗುವ ಹಾದಿಯಲ್ಲಿದ್ದರು. 1969ರಲ್ಲಿ ಬಂದ ಆ ಗ್ರಂಥ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು.

ಗುಡಗೇರಿಗೂ ಈ ವಿಷಯದಲ್ಲಿ ಹೇಳಲು ಒಂದು ಹಳೆಯ ಮಾತಿದೆ. ಇತಿಹಾಸಕಾರರು 'ಗುಡಿಗೆರೆಯ ಜೈನ ಶಾಸನ' ಎಂದು ಕರೆಯುವ 1076ರ ಶಾಸನ ಈ ಊರಿನದು. ಬಾದಾಮಿ ಚಾಲುಕ್ಯರ ವಿಜಯಾದಿತ್ಯನ ತಂಗಿ ಕುಂಕುಮಮಹಾದೇವಿ ಪುಲಿಗೆರೆಯಲ್ಲಿ, ಅಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ, ಕಟ್ಟಿಸಿದ ಬಸದಿಯನ್ನು ಅದು ಹೆಸರಿಸುತ್ತದೆ. ವಿಜಯಾದಿತ್ಯ ಆಳಿದ್ದು ಎಂಟನೆಯ ಶತಮಾನದ ಆರಂಭದಲ್ಲಿ. ಸುಮಾರು ಮುನ್ನೂರೈವತ್ತು ವರ್ಷಗಳ ನಂತರವೂ ಜನ ಆ ಹೆಣ್ಣುಮಗಳ ಹೆಸರು ಹಿಡಿದು ಭೂಮಿಯ ಲೆಕ್ಕ ಹೇಳುತ್ತಿದ್ದರು. ಮುಂದಿನವರಿಗೆ ಏನನ್ನಾದರೂ ಬಿಟ್ಟುಹೋಗಬೇಕು ಎಂಬ ನಡುವಯಸ್ಸಿನ ಹಂಬಲಕ್ಕೆ ಇಂಥ ಕಲ್ಲುಗಳೇ ದಾಖಲೆ.

ಅರಳು ಮರಳೋ, ಅರಿವೋ?

ಎಂಟನೆಯದು ವೃದ್ಧಾಪ್ಯ. 'ಅರವತ್ತಕ್ಕೆ ಅರಳು ಮರಳು' ಎಂದು ನಮ್ಮ ಗಾದೆ ನಕ್ಕುಬಿಡುತ್ತದೆ. ಎರಿಕ್ಸನ್ನರಿಗೆ ಇದು ಇಡೀ ಬಾಳಿನ ಲೆಕ್ಕ ತಾಳೆ ನೋಡುವ ಕಾಲ. 'ನನ್ನ ಬಾಳು ಹೀಗಾಯಿತು, ಅದು ನನ್ನದೇ' ಎಂದು ಏಳುಬೀಳು ಸಹಿತ ಒಪ್ಪಿಕೊಂಡರೆ ಸಮಗ್ರತೆ. 'ಎಲ್ಲ ವ್ಯರ್ಥ, ಮತ್ತೆ ಶುರುಮಾಡಲು ಹೊತ್ತಿಲ್ಲ' ಎನ್ನಿಸಿದರೆ ಹತಾಶೆ. ತಕ್ಕಡಿ ಒಪ್ಪಿಗೆಯ ಕಡೆ ವಾಲಿದಾಗ ಉಳಿಯುವ ಗುಣ ವಿವೇಕ.

ಗಂಗೂಬಾಯಿ 2004ರಲ್ಲಿ, ತಮ್ಮ 91ನೇ ವಯಸ್ಸಿನಲ್ಲಿ, ವರ್ಷಾನುಗಟ್ಟಲೆ ಜೊತೆಗೆ ಕೂತು ದನಿಗೂಡಿಸಿದ ಮಗಳು ಕೃಷ್ಣಾ ಅವರನ್ನು ಕಳೆದುಕೊಂಡರು. ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ. ಆದರೂ 2006ರಲ್ಲಿ, ಸಂಗೀತ ಬದುಕಿನ 75ನೇ ವರ್ಷದ ನೆನಪಿಗೆ, ಕೊನೆಯ ಕಛೇರಿ ಕೊಟ್ಟರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ನಿಧನರಾದಾಗ ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ಇತ್ತ ಎರಿಕ್ಸನ್ನರ ಕೊನೆಯ ದಿನಗಳು ಅವರ ಸಿದ್ಧಾಂತಕ್ಕೇ ಪ್ರಶ್ನೆ ಹಾಕಿದವು. ಅವರು 1994ರ ಮೇ 12ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೆ ಅವರ ಪತ್ನಿ ಜೋನ್, ತಾವೂ ತೊಂಬತ್ತು ದಾಟಿದವರು, ಒಂಬತ್ತನೆಯ ಘಟ್ಟವೊಂದನ್ನು ಸೇರಿಸಿ 1997ರಲ್ಲಿ ಪುಸ್ತಕವನ್ನು ಹಿಗ್ಗಿಸಿದರು. ಎಂಬತ್ತು ತೊಂಬತ್ತರಲ್ಲಿ ದೇಹ ಮಾತು ಕೇಳದಾದಾಗ ಹಿಂದೆ ಗೆದ್ದ ಘಟ್ಟಗಳೆಲ್ಲ ಮತ್ತೆ ಬಾಗಿಲು ತಟ್ಟುತ್ತವೆ ಎಂಬುದು ಆಕೆಯ ಅನುಭವದ ಮಾತು. ಕೂಸಿನಂತೆ ಮತ್ತೆ ನಂಬಿಕೆಯ ಪ್ರಶ್ನೆ: ಕರೆದರೆ ಯಾರಾದರೂ ಬರುತ್ತಾರೆಯೆ?

ನಾಲ್ಕು ಆಶ್ರಮ, ಎಂಟು ಘಟ್ಟ

ನಮ್ಮಲ್ಲಿ ಬ್ರಹ್ಮಚರ್ಯ, ಗೃಹಸ್ಥ, ವಾನಪ್ರಸ್ಥ, ಸಂನ್ಯಾಸ ಎಂಬ ನಾಲ್ಕು ಆಶ್ರಮಗಳು ಮೊದಲೇ ಇದ್ದವಲ್ಲ, ಇದರಲ್ಲಿ ಹೊಸತೇನು ಎಂದು ಕೇಳಬಹುದು. ಎರಿಕ್ಸನ್ನರ ಒಡನಾಡಿಯಾಗಿದ್ದ ಭಾರತೀಯ ಮನೋವಿಶ್ಲೇಷಕ ಸುಧೀರ್ ಕಾಕರ್ 1978ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದಾರೆ. ಹೋಲಿಕೆ ನಿಜ, ಎರಡರಲ್ಲೂ ಪ್ರತಿ ವಯಸ್ಸಿಗೂ ತನ್ನದೇ ಕೆಲಸವಿದೆ. ವ್ಯತ್ಯಾಸವೂ ನಿಜ. ಆಶ್ರಮಗಳು ಹೀಗೆ ಬಾಳಬೇಕು ಎಂಬ ವಿಧಿ; ಘಟ್ಟಗಳು ಬಾಳು ಹೀಗೆ ಸಾಗುತ್ತದೆ ಎಂಬ ವಿವರಣೆ. ಆಶ್ರಮಗಳು ಮೇಲ್ವರ್ಣದ ಗಂಡಸನ್ನು ಮುಂದಿಟ್ಟುಕೊಂಡು ಹುಟ್ಟಿದವು. ಮೊದಲ ಆಶ್ರಮಕ್ಕೆ ಮುಂಚಿನ ಎಳೆಯ ವರ್ಷಗಳ ಬಗ್ಗೆ ಅವು ಮಾತಾಡುವುದಿಲ್ಲ. ಅಲ್ಲಿ ಕೊನೆಯ ಹೆಜ್ಜೆ ಲೋಕದಿಂದ ಬಿಡುಗಡೆ. ಎರಿಕ್ಸನ್ನರಲ್ಲಿ ಕೊನೆಯವರೆಗೂ ಮುಂದಿನ ತಲೆಮಾರಿನ ನಂಟು. ಹಿರಿಯರು ಸಾವಿಗೆ ಅಂಜದಷ್ಟು ಗಟ್ಟಿಯಾಗಿದ್ದರೆ ಕಿರಿಯರು ಬಾಳಿಗೆ ಅಂಜುವುದಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು.

ಈ ಸಿದ್ಧಾಂತಕ್ಕೆ ಮಿತಿಗಳಿವೆ. ಎಂಟೇ ಏಕೆ ಎಂಬುದಕ್ಕೆ ಪ್ರಯೋಗಶಾಲೆಯ ಪುರಾವೆ ಇಲ್ಲ. ವಯಸ್ಸಿನ ಗಡಿಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಹಾರ್ವರ್ಡಿನಲ್ಲಿ 1938ರಿಂದ ಕೆಲವು ನೂರು ಗಂಡಸರ ಬಾಳನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನವನ್ನು ಮುನ್ನಡೆಸಿದ ಜಾರ್ಜ್ ವೇಲಂಟ್, ಯೌವನ ಮತ್ತು ನಡುವಯಸ್ಸಿನ ನಡುವೆ ಕಸುಬಿನಲ್ಲಿ ನೆಲೆಯೂರುವ ಘಟ್ಟವೊಂದನ್ನು ಸೇರಿಸಬೇಕೆಂದರು. ಹೀಗೆ ತಿದ್ದುಪಡಿಗಳು ಬಂದರೂ ಮೂಲದ ಒಂದು ಮಾತು ನಿಂತಿದೆ: ಬೆಳವಣಿಗೆ ಬಾಲ್ಯಕ್ಕೆ ನಿಲ್ಲುವುದಿಲ್ಲ, ಮತ್ತು ಹಿಂದೆ ಸೋತದ್ದನ್ನು ಮುಂದಿನ ಘಟ್ಟದಲ್ಲಿ ಬ್ಯಾಂಡೇಜು ಕಟ್ಟಿ ಸರಿಪಡಿಸಿಕೊಳ್ಳಬಹುದು.

ಚಕ್ರಗಳು ಕೂಡದಿದ್ದರೆ

ಇಂದು ಈ ವಿಚಾರ ತರಗತಿಯ ಆಚೆಗೂ ಮುಖ್ಯವಾಗುವುದು ಇಲ್ಲೇ. ಕುಂದಗೋಳ ತಾಲ್ಲೂಕಿನಂಥ ಮಳೆಯಾಶ್ರಿತ ಸೀಮೆಯಿಂದ ಯುವಕರು ಹುಬ್ಬಳ್ಳಿಗೆ, ಬೆಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋಗುತ್ತಾರೆ. ಹಳ್ಳಿಯ ಕಟ್ಟೆಯ ಮೇಲೆ ಹಿರಿಯರು ಉಳಿಯುತ್ತಾರೆ. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಹೊಲ, ಬೀಜ, ಎತ್ತು, ಭಜನೆ, ದೊಡ್ಡಾಟ ಎಲ್ಲವನ್ನೂ ಬಲ್ಲ ಎಪ್ಪತ್ತರ ಅಜ್ಜನಿಗೆ ತನ್ನ ವಿದ್ಯೆ ಕೊಡಲು ಒಬ್ಬ ಹುಡುಗ ಬೇಕು. ಹುಡುಗನಿಗೆ 'ನೀನು ಇದರಲ್ಲಿ ಗಟ್ಟಿಗ' ಎಂದು ಹೇಳುವ ಒಬ್ಬ ಹಿರಿಯ ಬೇಕು. ಇಬ್ಬರೂ ಒಂದೇ ಊರಲ್ಲಿದ್ದರೂ ಭೇಟಿಯಾಗುವುದಿಲ್ಲ. ಒಬ್ಬರು ಕಟ್ಟೆಯ ಮೇಲೆ, ಇನ್ನೊಬ್ಬ ಮೊಬೈಲಿನಲ್ಲಿ.

ಇದರ ಬೆಲೆ ಹೆಚ್ಚು ಕಾಣುವುದು ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ. ಹದಿನಾರರ ಹುಡುಗನೋ ಹುಡುಗಿಯೋ ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದರೆ ಇಡೀ ಬಾಳೇ ನಪಾಸಾಯಿತು ಎಂದು ತಿಳಿಯುವುದುಂಟು. ರಾಜ್ಯದಲ್ಲಿ 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಬಂದದ್ದು ಎರಿಕ್ಸನ್ ಹೇಳಿದ ಗಡುವಿನ ಒಂದು ಸಣ್ಣ ರೂಪ. ಮನಸ್ಸು ಕುಸಿದವರಿಗೆ 14416 ಸಂಖ್ಯೆಯ 'ಟೆಲಿ ಮಾನಸ್' ಸಹಾಯವಾಣಿ 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗೆ 14567 ಇದೆ. 1845ರಲ್ಲಿ ಮಾನಸಿಕ ರೋಗಿಗಳ ಆಶ್ರಯಾಲಯವಾಗಿ ಶುರುವಾದ ಧಾರವಾಡದ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿ ಈ ಭಾಗದವರ ಕೈಗೆಟಕುವಂತಿದೆ. ಇವೆಲ್ಲ ಬೇಕು. ಆದರೆ ಫಲಿತಾಂಶ ಬಂದ ಸಂಜೆ ಮನೆಯ ಪಡಸಾಲೆಯಲ್ಲಿ ಒಬ್ಬ ಅಜ್ಜಿಯೋ ಸೋದರಮಾವನೋ ಪಕ್ಕದಲ್ಲಿ ಕೂತು 'ಇನ್ನೊಮ್ಮೆ ಕಟ್ಟಿದರಾಯಿತು, ಬಾ ಊಟ ಮಾಡು' ಎನ್ನುವುದು ಸಹಾಯವಾಣಿಗಿಂತ ಮೊದಲು ತಲುಪುವ ಸಹಾಯ.

ಗುರು ತೀರಿಕೊಂಡ ಮರುವರ್ಷ, 1953ರಲ್ಲಿ, ಭೀಮಸೇನರು ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭಿಸಿದರು. ಆಗ ಅವರಿಗೆ 31. 2008ರಲ್ಲಿ ಭಾರತರತ್ನ ಘೋಷಣೆಯಾಯಿತು. 2011ರ ಜನವರಿ 24ರಂದು ಅವರು ತೀರಿಕೊಂಡ ಮೇಲೆ ಉತ್ಸವಕ್ಕೆ ಅವರ ಹೆಸರೂ ಸೇರಿತು. ಇತ್ತ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗುರುವಿನ ಪುಣ್ಯತಿಥಿಯ ಸಂಗೀತ ಸೇವೆ ದಶಕಗಳಿಂದ ನಡೆದುಬಂದಿದೆ. ಸುತ್ತಲ ಹಳ್ಳಿಗಳ ರೈತರು ಜಮಖಾನೆಯ ಮೇಲೆ ಕೂತು ರಾತ್ರಿಯಿಡೀ ಖ್ಯಾಲ್ ಕೇಳುತ್ತಾರೆ. ಅಲ್ಲಿ ಹಾಡುವವರಲ್ಲಿ ಹೆಸರಾಂತ ಹಿರಿಯರ ಜೊತೆಗೆ ಇನ್ನೂ ಕಲಿಯುತ್ತಿರುವ ಹುಡುಗ ಹುಡುಗಿಯರೂ ಇರುತ್ತಾರೆ.